ಅಮ್ಮನ ಬಲ ಮಂಡಿ: ಮೆಟ್ಟಿಲಿಳಿಯುವಾಗ ನೋವು, ಎಕ್ಸ್‌ರೇಯಲ್ಲಿ ಗ್ರೇಡ್ 3. ಮುಂದೇನು?

ಡೊಂಬಿವಲಿಯಿಂದ ಪ್ರಶ್ನೆ
ನಮಸ್ಕಾರ. ಅಮ್ಮನಿಗೆ 63, ತೂಕ 74 ಕೆಜಿ. ಬಿಪಿ, ಶುಗರ್ ಎರಡಕ್ಕೂ ಮಾತ್ರೆ ಇದೆ. ಲಿಫ್ಟ್ ಇಲ್ಲದ ಬಿಲ್ಡಿಂಗ್, ಮೂರನೇ ಮಹಡಿ. ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಬಲ ಮಂಡಿ ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ಹತ್ತು ನಿಮಿಷ ಬಿಗಿ. ಎರಡು ತಿಂಗಳಿಂದ ಪೂರ್ತಿ ವಿಶ್ರಾಂತಿ, ಹಗಲಿಡೀ ನೀ ಕ್ಯಾಪ್. ಆದರೂ ನೋವು ಹೆಚ್ಚಿದೆ. ಎಂಆರ್‌ಐ ಮಾಡಿಸಬೇಕೇ? ಆಪರೇಷನ್ನೇ ಗತಿಯೇ?

ಫಿಸಿಯೋ, ಮಾಟುಂಗಾ
ಮೊದಲು ಇಷ್ಟು ಹೇಳಿ. ಎಕ್ಸ್‌ರೇ ನಿಲ್ಲಿಸಿ ತೆಗೆದದ್ದೋ, ಮಲಗಿಸಿಯೋ? ಎಲ್ಲಿ ನೋವು ಎಂದು ಕೇಳಿದರೆ ಬೆರಳು ಎಲ್ಲಿಡುತ್ತಾರೆ? ಮಂಡಿ ಕೆಂಪಗೆ, ಬಿಸಿಯಾಗಿ, ಜತೆಗೆ ಜ್ವರ ಇದೆಯೇ? ಮಡಚಿದ ಕಾಲು ಅರ್ಧಕ್ಕೆ ಸಿಕ್ಕಿಕೊಂಡು ನೆಟ್ಟಗಾಗದೆ ಉಳಿಯುತ್ತದೆಯೇ?

ಡೊಂಬಿವಲಿ
ಮಲಗಿಸಿ ತೆಗೆದದ್ದು ಸರ್. ಬೆರಳು ಒಳಮಗ್ಗುಲಲ್ಲಿ. ಜ್ವರ ಇಲ್ಲ, ಸಿಕ್ಕಿಕೊಳ್ಳುವುದಿಲ್ಲ. ಸಂಜೆ ಸ್ವಲ್ಪ ಊದುತ್ತದೆ.

ಫಿಸಿಯೋ, ಮಾಟುಂಗಾ
ಇದು ಸವೆತದ ನೋವಿನ ಲಕ್ಷಣವೇ. 45 ದಾಟಿದವರಲ್ಲಿ ಓಡಾಡಿದಾಗ ನೋವು, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲ, ಇಷ್ಟಿದ್ದರೆ ಮುಟ್ಟಿ ನೋಡಿಯೇ ಡಾಕ್ಟರು ಹೇಳಬಲ್ಲರು. ಬಿಗಿತ ಗಂಟೆಗಟ್ಟಲೆ ಇದ್ದು ಬೆರಳ ಗೆಣ್ಣುಗಳೂ ಊದಿದ್ದರೆ ಬೇರೆ ಮಾತು, ಆಗ ಸಂಧಿವಾತದ ರಕ್ತಪರೀಕ್ಷೆ ಬೇಕು.

ಎಂಆರ್‌ಐ ಬೇಡ. ಈ ವಯಸ್ಸಿನಲ್ಲಿ ನೋವೇ ಇಲ್ಲದ ಮಂಡಿಯಲ್ಲೂ ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಹರಿದಂತೆ ಕಾಣುವುದುಂಟು. ಅದನ್ನು ನೋಡಿ ಹೆದರಿ, ಮಂಡಿಯೊಳಗೆ ಸಣ್ಣ ಕ್ಯಾಮೆರಾ ತೂರಿಸಿ ಮಾಡುವ ದುರ್ಬೀನ್ ಆಪರೇಷನ್‌ಗೆ ಹೋಗುವವರಿದ್ದಾರೆ, ಸವೆತಕ್ಕೆ ಅದರಿಂದ ಉಪಯೋಗವಿಲ್ಲ. ಇನ್ನು ಗ್ರೇಡ್: ಕೆಲ್‌ಗ್ರೆನ್ ಮತ್ತು ಲಾರೆನ್ಸ್ 1957ರಲ್ಲಿ ಕೊಟ್ಟ 0ರಿಂದ 4ರ ಅಳತೆ ಅದು. ಚಿತ್ರ ಹೇಗಿದೆ ಎಂದು ಹೇಳುತ್ತದೆ, ನೋವೆಷ್ಟು ಎಂದಲ್ಲ. ಮಲಗಿಸಿ ತೆಗೆದರೆ ಸಂದಿನ ಮೇಲೆ ಭಾರ ಬೀಳದೆ ಮೂಳೆಗಳ ನಡುವಿನ ಜಾಗ ಅಗಲವಾಗಿ ಕಾಣುತ್ತದೆ. ಮುಂದೆಂದಾದರೂ ಸರ್ಜನ್‌ಗೆ ತೋರಿಸುವುದಾದರೆ ನಿಲ್ಲಿಸಿ ತೆಗೆಸಿ.

ನನಗೆ ಕಳವಳ ಆಗುವುದು ಆ ಎರಡು ತಿಂಗಳ ವಿಶ್ರಾಂತಿಯ ಬಗ್ಗೆ. ಇಳಿಯುವಾಗ ಮೈಭಾರವನ್ನು ತಡೆದು ಮೆಲ್ಲಗೆ ಕೆಳಗಿಳಿಸುವುದು ತೊಡೆಯ ಮುಂಭಾಗದ ಸ್ನಾಯು. ಅದು ಸೊರಗಿದರೆ ಪೆಟ್ಟೆಲ್ಲ ಸಂದಿಗೆ. ಟೇಪು ಹಿಡಿದು ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ ಎರಡೂ ತೊಡೆಯ ಸುತ್ತಳತೆ ನೋಡಿ, ಬಲಗಡೆ ಕಡಿಮೆ ಇದ್ದೀತು.

ಇವತ್ತೇ ಶುರುಮಾಡಿ. ಅಮ್ಮ ಹಾಸಿಗೆ ಮೇಲೆ ಕಾಲು ಚಾಚಲಿ, ಮಂಡಿ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು ಅದನ್ನು ಮಂಡಿಯಿಂದ ಅದುಮಲಿ. ಸರಿಯಾಗಿ ಅದುಮಿದರೆ ಚಿಪ್ಪು ತೊಡೆಯತ್ತ ಸರಿಯುತ್ತದೆ, ಚಿಪ್ಪಿನ ಮೇಲೆ ಒಳಮಗ್ಗುಲ ಮಾಂಸ ಕಲ್ಲಿನಂತಾಗುತ್ತದೆ. ಅಲ್ಲಿ ನೀವು ಎರಡು ಬೆರಳಿಟ್ಟು ನೋಡಿ. ಮೆತ್ತಗೇ ಇದ್ದರೆ ಅವರು ಸೊಂಟದಿಂದ ಒತ್ತುತ್ತಿದ್ದಾರೆ ಎಂದರ್ಥ. 5 ಸೆಕೆಂಡು ಹಿಡಿದು ಬಿಡುವುದು, 10 ಸಲ, ದಿನಕ್ಕೆ 3 ಹೊತ್ತು. ಉಸಿರು ಕಟ್ಟಬಾರದು, ಬಿಪಿ ಏರುತ್ತದೆ.

ವಾರ ಕಳೆದ ಮೇಲೆ ಕುರ್ಚಿಯಿಂದ ಏಳುವುದು. ಕುರ್ಚಿಯನ್ನು ಗೋಡೆಗೆ ಆನಿಸಿ, ಮಡಿಸಿದ ಕಂಬಳಿ ಹಾಕಿ ಎತ್ತರಿಸಿ, ಕೈಯೂರದೆ 8 ಸಲ. ಕೂರುವಾಗ ಮೂರೆಣಿಸುತ್ತ ನಿಧಾನ. ಧೊಪ್ಪನೆ ಕೂತರೆ ಅರ್ಧ ಫಲ ಹೋಯಿತು. ಸುಲಭವಾದ ಮೇಲೆ ಕಂಬಳಿ ತೆಗೆಯಿರಿ. ವ್ಯತ್ಯಾಸ ಕಾಣಲು 6ರಿಂದ 12 ವಾರ ಬೇಕು.

ಊರುಗೋಲು ಎಡಗೈಯಲ್ಲಿ, ನೋಯುವ ಕಡೆಯೇ ಹಿಡಿಯುವುದು ತಪ್ಪು. ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು. ತೂಕ ಒಂದು ಕೆಜಿ ಇಳಿದರೂ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು 4 ಕೆಜಿ ತಗ್ಗುತ್ತದೆ.

ಫಾರ್ಮಸಿಸ್ಟ್, ಪುಣೆ
ಒಂದು ಮಾತು ಸೇರಿಸುತ್ತೇನೆ. ಬಿಪಿ ಮಾತ್ರೆ ಇರುವವರು ನೋವಿನ ಮಾತ್ರೆಯನ್ನು ಅಂಗಡಿಯಿಂದ ನೇರ ತಂದು ನುಂಗಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಬಿಪಿ ಏರಿಸುತ್ತವೆ. ಕೆಲವು ಬಿಪಿ ಮಾತ್ರೆಗಳ, ಮೂತ್ರ ಹೆಚ್ಚಿಸಿ ನೀರು ಹೊರಹಾಕುವ ಮಾತ್ರೆಯ ಜತೆ ಸೇರಿದರೆ ಕಿಡ್ನಿಗೆ ಪೆಟ್ಟು. ಡೈಕ್ಲೋಫೆನಾಕ್ ಜೆಲ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಡಾಕ್ಟರನ್ನು ಕೇಳಿ ಮೊದಲು ಅದನ್ನೇ ನೋಡಿ. ಆದರೆ ಕಡಲೆಕಾಳಿನಷ್ಟು ಹಚ್ಚಿ ಕೆಲಸ ಮಾಡಲಿಲ್ಲ ಎನ್ನಬೇಡಿ. ಮಂಡಿಗೆ ಒಂದು ಸಲಕ್ಕೆ 2ರಿಂದ 4 ಗ್ರಾಂ, ದಿನಕ್ಕೆ 3–4 ಸಲ. 2 ಗ್ರಾಂನಂತೆ 4 ಸಲ ಹಚ್ಚಿದರೂ 30 ಗ್ರಾಂ ಟ್ಯೂಬು ನಾಲ್ಕು ದಿನಕ್ಕೆ ಸಾಲದು.

ಥಾಣೆ
ಇಲ್ಲೇ ಕೇಳುತ್ತೇನೆ. ತಮ್ಮನಿಗೆ 34. ನಿನ್ನೆ ಮಳೆಯಲ್ಲಿ ದಾದರ್ ಸ್ಟೇಷನ್ ಬ್ರಿಜ್ಜಿನ ಮೆಟ್ಟಿಲಲ್ಲಿ ಜಾರಿ ಮಂಡಿ ತಿರುಚಿತು, ‘ಟಪ್’ ಅಂತು, ಎರಡು ಗಂಟೆಯೊಳಗೆ ಊದಿತು. ಅವನಿಗೂ ಟವೆಲ್ ವ್ಯಾಯಾಮವೇ?

ಫಿಸಿಯೋ, ಮಾಟುಂಗಾ
ಬೇಡ, ಇದು ಬೇರೆ ಕತೆ. ಟಪ್ ಎಂದು ಅಷ್ಟು ಬೇಗ ಊದಿತೆಂದರೆ ಒಳಗೆ ರಕ್ತ ತುಂಬಿರಬಹುದು, ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಗಟ್ಟಿ ಪಟ್ಟಿ) ಹರಿದ ಸಂಶಯ. ಇವತ್ತೇ ಮೂಳೆ ಡಾಕ್ಟರಿಗೆ ತೋರಿಸಿ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, 90 ಡಿಗ್ರಿ ಮಡಚಲಾಗದಿದ್ದರೆ, ಚಿಪ್ಪನ್ನೋ ಹೊರಮಗ್ಗುಲಲ್ಲಿ ಮಂಡಿಯ ಕೆಳಗಿನ ಮೂಳೆಗುಬುಟನ್ನೋ ಒತ್ತಿದರೆ ನೋವಾದರೆ ಎಕ್ಸ್‌ರೇ ತಪ್ಪಿಸಬೇಡಿ. ಎಂಆರ್‌ಐ ಬೇಕಾಗುವುದು ಇಂಥಲ್ಲಿ. ಅಲ್ಲಿಯವರೆಗೆ ಬಟ್ಟೆ ಸುತ್ತಿದ ಐಸ್ 15–20 ನಿಮಿಷ. ಎಣ್ಣೆ ಹಾಕಿ ತಿಕ್ಕುವುದು ಬೇಡವೇ ಬೇಡ. ಪಾದ ತಣ್ಣಗಾಗಿ ಮರಗಟ್ಟಿದರೆ, ಮೀನಖಂಡ ಊದಿ ಬಿಗಿದರೆ ಕಾಯದೆ ಆಸ್ಪತ್ರೆಗೆ.

ಡೊಂಬಿವಲಿ
ಸರ್, ಮೂರು ದಿನ ಮಾಡಿದರು, ರಾತ್ರಿ ನೋವು ಹೆಚ್ಚಾಗುತ್ತದೆ. ನಿಲ್ಲಿಸಲೇ? ಸಂಡಾಸಿಗೆ ಕೂತು ಏಳುವುದೂ ಕಷ್ಟ.

ಫಿಸಿಯೋ, ಮಾಟುಂಗಾ
ನಿಲ್ಲಿಸಬೇಡಿ. ಮರುದಿನದ ಹೊತ್ತಿಗೆ ನೋವು ಮೊದಲಿನಷ್ಟಕ್ಕೇ ಇಳಿದಿದ್ದರೆ ಪ್ರಮಾಣ ಸರಿ. ಇಳಿಯದೆ ಉಳಿದರೆ ಅಥವಾ ಊತ ಹೆಚ್ಚಿದರೆ 10ರ ಬದಲು 6 ಸಲ ಮಾಡಿಸಿ. ಮೂರು ತಿಂಗಳು ಹೀಗೆ ಬಿಡದೆ ಮಾಡಿಯೂ ನಿದ್ದೆಗೆಡಿಸುವ ನೋವಿದ್ದರೆ ಆಗ ಆಪರೇಷನ್ ಮಾತು. ಸಂಡಾಸಿನ ಮೇಲಿಡುವ ಸ್ಟೀಲಿನ ಕಮೋಡ್ ಸ್ಟೂಲ್ ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಕಾಲುಗಳಿಗೆ ರಬ್ಬರ್ ಬುಚ್ಚು ಇರುವುದನ್ನೇ ತನ್ನಿ, ಒದ್ದೆ ಟೈಲ್ಸ್ ಮೇಲೆ ಬರೀ ಸ್ಟೀಲು ಜಾರುತ್ತದೆ.