ಬಾಲ್ ಪೈಥಾನ್ ಇಲಿ ಮುಟ್ಟುತ್ತಿಲ್ಲ, ಏನು ಮಾಡಬೇಕು?

ಪ್ರಶ್ನೆ (ರಾಯಚೂರು): ಡಾಕ್ಟ್ರೇ, ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ವರ್ಷದ ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಹೆಬ್ಬಾವು) ಇದೆ. ವಿದೇಶಿ ಪ್ರಾಣಿ ಸಾಕುವವರಿಗಾಗಿ ಇರುವ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ. ಚಳಿಗಾಲದಲ್ಲಿ ಚೆನ್ನಾಗಿ ತಿನ್ನುತ್ತಿತ್ತು. ಏಪ್ರಿಲ್‌ನಿಂದ ಇಲಿ ಕೊಟ್ಟರೆ ಮೂಸಿ ಸುಮ್ನಾಗುತ್ತದೆ. ಹಗಲೆಲ್ಲ ನೀರಿನ ಬಟ್ಟಲಲ್ಲೇ ಸುತ್ತಿಕೊಂಡಿರುತ್ತದೆ. ಕೋಳಿ ಮಾಂಸದ ತುಂಡು ಕೊಡಲಾ? ಹಸಿವಿಗೆ ಟಾನಿಕ್ ಏನಾದರೂ ಇದೆಯಾ?

ಉತ್ತರ (ಪಶುವೈದ್ಯರು): ಟಾನಿಕ್ ಬೇಡ, ಕೋಳಿ ತುಂಡೂ ಬೇಡ. ಹಾವಿಗೆ ಇಡೀ ಪ್ರಾಣಿಯೇ ಬೇಕು. ಮೂಳೆ, ಲಿವರ್ ಎಲ್ಲ ಸೇರಿದರೆ ಮಾತ್ರ ಕ್ಯಾಲ್ಸಿಯಂ, ವಿಟಮಿನ್ ಸಿಗುತ್ತವೆ. ಅದಿರಲಿ, ಟ್ಯಾಂಕಿನ ಎರಡೂ ತುದಿಯಲ್ಲಿ ಎಷ್ಟು ಡಿಗ್ರಿ ಇದೆ? ತೇವಾಂಶ ಎಷ್ಟು? ಅಡಗಲು ಏನಿಟ್ಟಿದ್ದೀರಿ? ಅಂದಾಜು ಹೇಳಬೇಡಿ, ಮೀಟರ್ ಇಟ್ಟು ನೋಡಿ ಹೇಳಿ.

ಪ್ರಶ್ನೆ ಕೇಳಿದವರು: ಮಧ್ಯಾಹ್ನ ನೋಡಿದೆ ಸರ್. ಬಲ್ಬ್ ಕೆಳಗೆ 38, ಆ ತುದಿಯಲ್ಲಿ 35. ತೇವಾಂಶ ಶೇ. 24. ಅಡಗಲು ಬಲ್ಬ್ ಕೆಳಗೆ ಒಂದೇ ಪೆಟ್ಟಿಗೆ. ಟ್ಯಾಂಕ್ ಹಾಲ್‌ನಲ್ಲಿ ಟಿವಿ ಪಕ್ಕ ಇದೆ.

ಉತ್ತರ: ಹಾಗಾದರೆ ತೊಂದರೆ ಇಲಿಯದ್ದಲ್ಲ, ಟ್ಯಾಂಕಿನದು. ಈ ಹಾವಿಗೆ ಬಿಸಿ ತುದಿ 31ರಿಂದ 33 ಡಿಗ್ರಿ, ತಂಪು ತುದಿ 25ರಿಂದ 27 ಇರಬೇಕು. ನಿಮ್ಮಲ್ಲಿ ತಂಪು ತುದಿ ಅನ್ನೋದೇ ಇಲ್ಲ. ಪಾಪ, ಅದು ಮತ್ತೆಲ್ಲಿ ಹೋಗಬೇಕು? ಅದಕ್ಕೇ ನೀರಿನಲ್ಲಿ ಕೂತಿದೆ. ಮೈಮೇಲೆ ರಕ್ತ ಹೀರುವ ಸಣ್ಣ ಕಪ್ಪು ಉಣ್ಣೆ ಹುಳು ಇದ್ದರೂ ಹೀಗೆ ಕೂರುತ್ತವೆ, ಬಟ್ಟಲಿನ ತಳ ಒಮ್ಮೆ ನೋಡಿ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಬಾಲ್ ಪೈಥಾನ್‌ನ ಮೇಲ್ದುಟಿಯಲ್ಲಿ ಸಣ್ಣ ಗುಳಿಗಳಿವೆ. ಬೇಟೆಯ ಮೈಬಿಸಿ ಅದಕ್ಕೆ ಗೊತ್ತಾಗುವುದು ಅವುಗಳಿಂದ. ಸುತ್ತಲೂ 36 ಡಿಗ್ರಿ ಇದ್ದು, ನೀವು ಕೊಡುವ ಇಲಿಯೂ ಅಷ್ಟೇ ಬೆಚ್ಚಗಿದ್ದರೆ ಎರಡಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಚಳಿಗಾಲದಲ್ಲಿ ತಿಂದದ್ದು, ಈಗ ಬಿಟ್ಟದ್ದು, ಎರಡಕ್ಕೂ ಇದೂ ಒಂದು ಕಾರಣ ಇರಬಹುದು.

ಹಗಲಲ್ಲಿ ಬಲ್ಬ್ ಆರಿಸಿ. ಬೇಸಿಗೆಯಲ್ಲಿ ರಾಯಚೂರಿಗೆ ಬಲ್ಬ್ ಬೇರೆ ಬೇಕಾ? ಮುಂದೆ ಹಾಕಿದರೂ ಥರ್ಮೋಸ್ಟಾಟ್ (ಬಿಸಿ ಹೆಚ್ಚಾಗದಂತೆ ತಾನಾಗಿ ತಡೆಯುವ ಸಾಧನ) ಇಲ್ಲದೆ ಹಾಕಬೇಡಿ. ಟ್ಯಾಂಕನ್ನು ಕೆಳಮನೆಯ ಒಳಕೋಣೆಗೆ, ಜನರ ಓಡಾಟ ಕಡಿಮೆ ಇರುವ ಕಡೆ ಇಡಿ. ಎಸಿ ಇಲ್ಲದೆ ಮೇ ತಿಂಗಳಲ್ಲಿ 26 ಡಿಗ್ರಿ ಸಿಗುವುದು ಕಷ್ಟ, ಗೊತ್ತು. 30ರ ಒಳಗೆ ಬಂದರೂ ಹಾವು ಸುಧಾರಿಸಿಕೊಳ್ಳುತ್ತದೆ. ಕೋಣೆಯಲ್ಲಿ ಕೂಲರ್ ಇರಲಿ, ಗಾಳಿ ನೇರ ಟ್ಯಾಂಕಿಗೆ ಹೊಡೆಯಬಾರದು. ಕರೆಂಟ್ ಹೋದರೆ (ಪಕ್ಕದ ಶಕ್ತಿನಗರದಲ್ಲೇ ಕರೆಂಟ್ ತಯಾರಾದರೂ ನಮಗೆ ಹೋಗುತ್ತಲ್ಲ!) ಐಸ್ ಕಟ್ಟಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಟ್ಯಾಂಕಿನ ಹೊರಗೆ ಒರಗಿಸಿ.

ತೇವಾಂಶ ಶೇ. 55ರಿಂದ 70 ಬೇಕು. ಆಫ್ರಿಕಾದಲ್ಲಿ ಈ ಹಾವು ಹಗಲು ಹೊತ್ತು ಇಲಿ ಬಿಲದಲ್ಲಿ, ಹುತ್ತದಲ್ಲಿ ಇರುತ್ತದೆ. ಮೇಲೆ ಒಣಗಿದ್ದರೂ ಬಿಲದೊಳಗೆ ಪಸೆ ಇರುತ್ತದೆ. ಕೆಳಗೆ ತೆಂಗಿನ ನಾರಿನ ಪುಡಿ ಹಾಸಿ, ಸ್ವಲ್ಪ ನೀರು ಚಿಮುಕಿಸಿ. ಕೆಸರಾಗಬಾರದು, ಹೊಟ್ಟೆಯ ಚರ್ಮ ಕೊಳೆಯುತ್ತದೆ. ಅಡಗುವ ಪೆಟ್ಟಿಗೆ ಎರಡು ಬೇಕು, ಒಂದೊಂದು ತುದಿಗೆ ಒಂದು. ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿರಲಿ. ಬಯಲಲ್ಲಿದ್ದೇನೆ ಅನ್ನಿಸಿದರೆ ಹಾವು ಬಾಯಿ ತೆರೆಯುವುದಿಲ್ಲ.

ಇಷ್ಟು ಮಾಡಿ ಒಂದು ವಾರ ಮುಟ್ಟಬೇಡಿ. ಆಮೇಲೆ ರಾತ್ರಿ, ಬಿಸಿನೀರಲ್ಲಿ ಬೆಚ್ಚಗೆ ಮಾಡಿದ ಸತ್ತ ಇಲಿಯನ್ನು ಚಿಮಟದಲ್ಲಿ ಹಿಡಿದು ಕೊಡಿ. ತಿನ್ನದಿದ್ದರೆ ತೆಗೆದುಬಿಡಿ, ಮರುದಿನವೇ ಮತ್ತೆ ಕಾಡಿಸಬೇಡಿ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಶೇ. 10ರಷ್ಟು ಇಳಿದರೆ, ಬಾಯಲ್ಲಿ ನೊರೆ ಬಂದರೆ, ಉಸಿರಾಟದಲ್ಲಿ ಗೊರಗೊರ ಸದ್ದಿದ್ದರೆ ತಡಮಾಡದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಕಣ್ಣು ನೀಲಿ ಮಬ್ಬಾಗಿದ್ದರೆ ಪೊರೆ ಬಿಡುವ ಹೊತ್ತು, ಗಾಬರಿ ಬೇಡ.

ಇನ್ನೊಬ್ಬರು (ಸಿಂಧನೂರು): ಸರ್, ನಮ್ಮ ರೈಸ್ ಮಿಲ್ಲಲ್ಲಿ ಇಲಿ ಬೇಕಾದಷ್ಟಿವೆ. ಹಿಡಿದು ಜೀವಂತ ಕೊಟ್ಟರೆ ತಿನ್ನುತ್ತಲ್ವಾ?

ಉತ್ತರ: ಬೇಡವೇ ಬೇಡ. ಮಿಲ್ಲಿನ ಇಲಿ ಪಾಷಾಣ ತಿಂದಿರಬಹುದು, ಅದು ಹಾವಿಗೂ ಏರುತ್ತದೆ. ಹುಳು, ಉಣ್ಣೆಯೂ ಬರುತ್ತವೆ. ಹಸಿವಿಲ್ಲದ ಹಾವಿನ ಜೊತೆ ಜೀವಂತ ಇಲಿ ಬಿಟ್ಟರೆ ಇಲಿಯೇ ಹಾವನ್ನು ಕಡಿಯುತ್ತದೆ.

ಬಳ್ಳಾರಿಯಿಂದ: ನಮ್ಮದು ತಿಂದ ಎರಡನೇ ದಿನ ಪೂರ್ತಿ ಇಲಿ ಕಕ್ಕಿತು. ಮತ್ತೆ ಯಾವಾಗ ಕೊಡಲಿ?

ಉತ್ತರ: ಹತ್ತು ಹದಿನಾಲ್ಕು ದಿನ ಹೊಟ್ಟೆಗೆ ಬಿಡುವು ಕೊಡಿ, ನೀರು ಮಾತ್ರ ಇಡಿ. ಆಮೇಲೆ ಮೊದಲಿಗಿಂತ ಚಿಕ್ಕ ಇಲಿ ಕೊಡಿ. ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಇಲಿ ದಪ್ಪ ಇರಬಾರದು. ತಿಂದ ಮೇಲೆ ಎರಡು ದಿನ ಎತ್ತಬಾರದು. ಎಸಿ ಕೋಣೆಯಲ್ಲಿ ಇಟ್ಟಿದ್ದೀರಾ? ಮೈಗೆ ಹೊರಗಿನ ಬಿಸಿ ಸಿಗದಿದ್ದರೆ ತಿಂದದ್ದು ಅರಗುವುದಿಲ್ಲ, ಒಳಗೇ ಕೊಳೆಯುತ್ತದೆ.

ಬಳ್ಳಾರಿಯಿಂದ: ಹೌದು ಸರ್, ರಾತ್ರಿಯಿಡೀ 20ಕ್ಕೆ ಇಟ್ಟಿರುತ್ತೇವೆ.

ಉತ್ತರ: ಕಾರಣ ಸಿಕ್ಕಿತಲ್ಲ. ಹಾವಿಗೆ ಬೇರೆ ಕೋಣೆ ಮಾಡಿ. ಮತ್ತೊಮ್ಮೆ ಕಕ್ಕಿದರೆ ಮನೆಮದ್ದು ಬೇಡ, ಹಾವನ್ನು ಕರೆದುಕೊಂಡು ಬನ್ನಿ.

ಕೊಪ್ಪಳದಿಂದ: ಹೊಲದಲ್ಲಿ ಎರಡು ತಲೆ ಹಾವು ಸಿಕ್ಕಿದೆ. ಅದಕ್ಕೂ ಇದೇ ಊಟನಾ?

ಉತ್ತರ: ಅದನ್ನು ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ನೆಲದ ಹಾವನ್ನು ಹಿಡಿದು ಮನೆಯಲ್ಲಿಡುವುದು ಅಪರಾಧ. ಇವತ್ತೇ ಅರಣ್ಯ ಇಲಾಖೆಯವರಿಗೆ ತಿಳಿಸಿ.