ಡೆಬಿಯನ್ 12ರಲ್ಲಿ ಆಪ್ಟ್ 3.0 ಏಕೆ ಬರುತ್ತಿಲ್ಲ?

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಶಾಲೆಯೊಂದಕ್ಕೆ ದಾನವಾಗಿ ಬಂದ ಆರು ಹಳೆಯ ಕಂಪ್ಯೂಟರುಗಳಿಗೆ ಡೆಬಿಯನ್ 12 (ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ) ಹಾಕಿಕೊಟ್ಟು, ಅವುಗಳ ಉಸ್ತುವಾರಿಯನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ. ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು, ಇಳಿಸಿ ಹಾಕುವ ಸಾಧನವಾಗಿ ಅವುಗಳಲ್ಲಿರುವುದು ಆಪ್ಟ್ 2.6. ಶಿವಮೊಗ್ಗದಲ್ಲಿ ಓದುತ್ತಿರುವ ತಮ್ಮನ ಲ್ಯಾಪ್‌ಟಾಪಿನ ಉಬುಂಟು 25.04ರಲ್ಲಿ ಆಪ್ಟ್ 3.0 ಇದ್ದು, ತೆಗೆದುಹಾಕುವ ಪ್ಯಾಕೇಜುಗಳು ಕೆಂಪಿನಲ್ಲೂ ಹೊಸದಾಗಿ ಬರುವವು ಹಸಿರಿನಲ್ಲೂ ಅಚ್ಚುಕಟ್ಟಾಗಿ ಕಾಣುತ್ತವೆ. ವಾರಕ್ಕೊಮ್ಮೆ ತಪ್ಪದೆ ಅಪ್‌ಡೇಟ್ ಮಾಡಿದರೂ ನಮ್ಮಲ್ಲಿ 2.6 ಕದಲುತ್ತಿಲ್ಲ. ಹೊಸ ಆಪ್ಟ್‌ನ ಡೆಬ್ ಕಡತವನ್ನು (ಡೆಬಿಯನ್‌ನ ಪ್ಯಾಕೇಜು ಕಡತ) ಇಳಿಸಿಕೊಂಡು ನೇರವಾಗಿ ಹಾಕಬಹುದೇ?

ಶರಾವತಿ ಹಿನ್ನೀರು (ಸಾಗರ)

ದಯವಿಟ್ಟು ಹಾಗೆ ಮಾಡಬೇಡಿ. ಡೆಬಿಯನ್‌ನ ಸ್ಥಿರ ಬಿಡುಗಡೆಯೊಂದು ಹೊರಬಂದ ಮೇಲೆ ಅದರೊಳಗಿನ ಬಹುತೇಕ ಪ್ಯಾಕೇಜುಗಳ ಆವೃತ್ತಿ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಬರುವುದು ಭದ್ರತೆಯ ತಿದ್ದುಪಡಿಗಳು ಮತ್ತು ಗಂಭೀರ ದೋಷಗಳ ಪರಿಹಾರಗಳಷ್ಟೆ. ಆದ್ದರಿಂದ 2.6 ಕದಲದಿರುವುದು ನಿಮ್ಮ ತಪ್ಪಲ್ಲ. ಆಪ್ಟ್ 3.0 ಬಿಡುಗಡೆಯಾದದ್ದು 2025ರ ಏಪ್ರಿಲ್‌ನಲ್ಲಿ, ಅದನ್ನು ಒಳಗೊಂಡ ಡೆಬಿಯನ್ 13 ಬಂದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಮುಂದಿನ ಬಿಡುಗಡೆಯ ಆಪ್ಟ್ ಒಂದನ್ನೇ ಎಳೆದು ತಂದರೆ ಅದು ತನ್ನ ಜೊತೆಗೆ ಹೊಸ ಲೈಬ್ರರಿಗಳನ್ನೂ (ಅದು ಅವಲಂಬಿಸಿರುವ ಪೂರಕ ತಂತ್ರಾಂಶಗಳು) ಕೇಳುತ್ತದೆ, ಅರ್ಧ ಹಳತು ಅರ್ಧ ಹೊಸತಾದ ವ್ಯವಸ್ಥೆಯನ್ನು ಆಮೇಲೆ ಸರಿಪಡಿಸುವುದು ನಿಜವಾದ ತಲೆನೋವು. ಬಣ್ಣಕ್ಕಾಗಿ ಅಷ್ಟು ಕಷ್ಟಪಡಬೇಕಾಗಿಲ್ಲ.

ಇಡೀ ವ್ಯವಸ್ಥೆಯನ್ನೇ 13ಕ್ಕೆ ಏರಿಸುವುದಾದರೆ ಮೊದಲು ‘ಡೌನ್‌ಲೋಡ್ ಓನ್ಲಿ’ ಆಯ್ಕೆಯಿಂದ ಕಡತಗಳನ್ನೆಲ್ಲ ಇಳಿಸಿಟ್ಟುಕೊಂಡು, ಕರೆಂಟು ಹೋಗುವುದಿಲ್ಲವೆಂಬ ಭರವಸೆಯಿರುವ ದಿನ ಅನುಸ್ಥಾಪಿಸಿ. ನಮ್ಮಲ್ಲಿ ಒಮ್ಮೆ ಆಷಾಢದ ಮಳೆಗೆ ನಡುವೆಯೇ ಕರೆಂಟು ಹೋಗಿ, ಮರುದಿನ ಡಿಪಿಕೆಜಿಗೆ (ಆಪ್ಟ್‌ನ ಕೆಳಗೆ ಪ್ಯಾಕೇಜುಗಳನ್ನು ಅನುಸ್ಥಾಪಿಸುವ ಮೂಲ ಸಾಧನ) ‘ಕಾನ್ಫಿಗರ್’ ಆಯ್ಕೆಯನ್ನು ಕೊಟ್ಟು ಅರೆಬರೆಯಾಗಿದ್ದ ಪ್ಯಾಕೇಜುಗಳನ್ನು ಪೂರ್ಣಗೊಳಿಸಬೇಕಾಯಿತು.

ಅಡಿಕೆ ತೋಟ (ಹೊಸನಗರ)

ಮೇಲಿನ ಮಾತಿಗೆ ಎರಡು ಎಚ್ಚರಿಕೆಗಳನ್ನು ಸೇರಿಸುತ್ತೇನೆ. ಕಂಪ್ಯೂಟರುಗಳು ಹಳೆಯವು ಎಂದಿರುವುದರಿಂದ, ಮೊದಲು ಡಿಪಿಕೆಜಿಯಲ್ಲಿ ‘ಪ್ರಿಂಟ್ ಆರ್ಕಿಟೆಕ್ಚರ್’ ಆಯ್ಕೆ ಕೊಟ್ಟು ನೋಡಿ. ಉತ್ತರ ‘ಐ386’ ಎಂದು ಬಂದರೆ ಆ ಯಂತ್ರವನ್ನು 13ಕ್ಕೆ ಏರಿಸಲೇಬಾರದು, ಏಕೆಂದರೆ ಡೆಬಿಯನ್ 13ರಲ್ಲಿ 32 ಬಿಟ್‌ನ ಆ ವಿನ್ಯಾಸಕ್ಕೆ ಕರ್ನಲ್ಲೂ (ವ್ಯವಸ್ಥೆಯ ತಿರುಳು) ಇಲ್ಲ, ಅನುಸ್ಥಾಪಕವೂ ಇಲ್ಲ.

ಇನ್ನೊಂದು ಸ್ಕ್ರಿಪ್ಟುಗಳ (ಆದೇಶಗಳನ್ನು ತಾವಾಗಿಯೇ ನಡೆಸುವ ಕಡತಗಳ) ವಿಷಯ. ‘ಆಪ್ಟ್-ಕೀ’ ಎಂಬ ಹಳೆಯ ಆದೇಶ ಡೆಬಿಯನ್ 13ರಲ್ಲಿ ಇಲ್ಲ. ಹೊರಗಿನ ಭಂಡಾರಗಳ (ಡೆಬಿಯನ್ನಿನದಲ್ಲದ ಪ್ಯಾಕೇಜು ಸಂಗ್ರಹಗಳ) ಸಹಿಯನ್ನು ಪರಿಶೀಲಿಸುವ ಕೀಲಿಯನ್ನು ಕೀರಿಂಗ್ಸ್ ಕೋಶದಲ್ಲಿಟ್ಟು, ಮೂಲಗಳ ಕಡತದಲ್ಲಿ ‘ಸೈನ್ಡ್-ಬೈ’ ಎಂದು ಸೂಚಿಸಬೇಕು. ಆಪ್ಟ್‌ನ ಪರದೆಯ ಸಾಲುಗಳನ್ನು ಓದಿ ಕೆಲಸ ಮಾಡುವ ಸ್ಕ್ರಿಪ್ಟ್ ನಿಮ್ಮಲ್ಲಿದ್ದರೆ ಹೊಸ ಅಂಕಣಗಳ ವಿನ್ಯಾಸದಲ್ಲಿ ಅದು ಕೈಕೊಡುತ್ತದೆ. ಸ್ಕ್ರಿಪ್ಟಿಗೆ ‘ಆಪ್ಟ್-ಗೆಟ್’ ಬಳಸಿರೆಂದು ಆಪ್ಟ್‌ನ ಕೈಪಿಡಿಯೇ ಹೇಳುತ್ತದೆ, ಆದರೆ ನಾವು ಯಾರೂ ಅದನ್ನು ಓದಿರುವುದಿಲ್ಲ.

ತುಂಗಾತೀರ (ತೀರ್ಥಹಳ್ಳಿ)

ಇಬ್ಬರಿಗೂ ಧನ್ಯವಾದಗಳು. ಈಗಷ್ಟೇ ಪರೀಕ್ಷಿಸಿದೆ: ಎರಡು ಯಂತ್ರಗಳು ಐ386, ಉಳಿದ ನಾಲ್ಕು ಎಎಮ್‌ಡಿ64 (64 ಬಿಟ್). ಆ ಎರಡನ್ನು 12ರಲ್ಲೇ ಉಳಿಸಿ, ನಾಲ್ಕನ್ನು ದಸರಾ ರಜೆಯಲ್ಲಿ ಏರಿಸುತ್ತೇನೆ. ನಾಲ್ಕಕ್ಕೂ ಬೇರೆಬೇರೆಯಾಗಿ ಇಳಿಸಿಕೊಳ್ಳುವಷ್ಟು ನೆಟ್‌ವರ್ಕ್ ಇಲ್ಲಿಲ್ಲ, ಅದಕ್ಕೇನು ದಾರಿ?

ಶರಾವತಿ ಹಿನ್ನೀರು (ಸಾಗರ)

ಒಂದು ಯಂತ್ರದಲ್ಲಿ ‘ಆಪ್ಟ್-ಕ್ಯಾಶರ್-ಎನ್‌ಜಿ’ (apt-cacher-ng) ಹಾಕಿ, ಉಳಿದ ಮೂರಕ್ಕೆ ಅದರ 3142ನೇ ಪೋರ್ಟನ್ನು ಪ್ರಾಕ್ಸಿಯಾಗಿ (ಮಧ್ಯವರ್ತಿಯಾಗಿ) ಕೊಡಿ. ಒಮ್ಮೆ ಇಳಿದ ಕಡತ ಎಲ್ಲಕ್ಕೂ ಅಲ್ಲಿಂದಲೇ ಸಿಗುತ್ತದೆ.