ಜರ್ಮನಿಗೆ ಹೊರಟಿದ್ದೇವೆ: ಹಳ್ಳಿಯ ಒಂಟಿ ಮನೆಯೋ, ಪೇಟೆಯ ಫ್ಲ್ಯಾಟೋ?

ಶಿರಸಿಯಿಂದ ಕೇಳಿದ್ದು:

ಯಜಮಾನರಿಗೆ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ. ಮಗಳಿಗೆ ಮೂರು ವರ್ಷ. ಎರಡು ಮನೆ ನೋಡಿಟ್ಟಿದ್ದೇವೆ. ಒಂದು, ಪೇಟೆಯಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. ಇನ್ನೊಂದು, ದೂರದ ಹಳ್ಳಿಯಲ್ಲಿ ಹಳೇ ಮನೆ. ಸುತ್ತ ಹಿತ್ತಲು, ಹಿಂದೆ ಕಾಡು. ಬಾಡಿಗೆ ಹೆಚ್ಚುಕಮ್ಮಿ ಒಂದೇ. ನಾನು ತೋಟದ ಮನೆಯಲ್ಲೇ ಬೆಳೆದವಳು. ಮನಸ್ಸು ಹಳ್ಳಿ ಕಡೆಗೇ ಎಳೆಯುತ್ತಿದೆ. ಅಲ್ಲಿ ಇದ್ದವರು, ಇದ್ದು ಬಂದವರು ದಯವಿಟ್ಟು ಹೇಳಿ.

ಕುಮಟಾದಿಂದ, ಇದ್ದು ಬಂದವರು:

ತಂಗಿ, ಮನೆ ಹೇಗಿದೆ ಅಂತ ಆಮೇಲೆ ನೋಡು. ಕಾರು ಯಾರು ಓಡಿಸುತ್ತಾರೆ, ಅದನ್ನು ಮೊದಲು ಹೇಳು. ಅಲ್ಲಿ ವಾಸ ಶುರುಮಾಡಿದ ಮೇಲೆ ನಮ್ಮ ಲೈಸೆನ್ಸ್ ಆರೇ ತಿಂಗಳು ನಡೆಯುತ್ತದೆ. ಆಮೇಲೆ ಅವರ ಲೈಸೆನ್ಸೇ ಬೇಕು. ಭಾರತದ್ದನ್ನು ಸುಮ್ನೆ ಬದಲಿಸಿ ಕೊಡುವುದಿಲ್ಲ. ಬರೆಯುವ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಪಾಸಾಗಬೇಕು. ಬರೆಯುವುದನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಅದೊಂದು ಪುಣ್ಯ. ಯಜಮಾನರು ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ಆ ಹಳ್ಳಿಯಲ್ಲಿ ಇರುವವರು ನೀನು ಮತ್ತು ಮಗು. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ.

ತೋಟದ ಮನೆ ಅಂದೆಯಲ್ಲ, ನಾನೂ ಅಂಥ ಮನೆಯವಳೇ. ನಮ್ಮಲ್ಲಿ ಮನೆ ಎಷ್ಟೇ ದೂರ ಇರಲಿ, ಜನ ಬರುತ್ತಲೇ ಇರುತ್ತಾರೆ. ಕೊನೆ ಕೊಯ್ಯುವವರು, ಅಡಿಕೆ ಸುಲಿಯುವವರು, ದಾರಿಯಲ್ಲಿ ಹೋಗುತ್ತಾ ಜಗಲಿಗೆ ಬಂದು ಕವಳ ಹಾಕಿ ಹೋಗುವವರು. ಅಲ್ಲಿನ ಹಳ್ಳಿಯವರು ಒಳ್ಳೆಯವರೇ, ಎದುರು ಸಿಕ್ಕರೆ ನಗುತ್ತಾರೆ, ಮಾತಾಡಿಸುತ್ತಾರೆ. ಆದರೆ ಹೇಳದೆ ಕೇಳದೆ ಒಬ್ಬರ ಮನೆಗೆ ಒಬ್ಬರು ಹೋಗುವ ರೂಢಿ ಕಡಿಮೆ.

ಇನ್ನು ಬಾಡಿಗೆ ಒಂದೇ ಅಂದೆ. ಯಾವ ಬಾಡಿಗೆ? ಅಲ್ಲಿ ಕಾಲ್ಟ್‌ಮೀಟೆ ಅಂದರೆ ಬರೀ ಮನೆಯದ್ದು. ವಾರ್ಮ್‌ಮೀಟೆ ಅಂದರೆ ನೀರು, ಕಸ, ಹೀಟಿಂಗ್ ಎಲ್ಲ ಸೇರಿದ್ದು. ಕರೆಂಟು, ಇಂಟರ್ನೆಟ್ ಸಾಮಾನ್ಯವಾಗಿ ಅದರ ಮೇಲೆ. ಹಳೇ ಹಳ್ಳಿ ಮನೆಗಳಲ್ಲಿ ಎಷ್ಟೋ ಕಡೆ ನೆಲಮಾಳಿಗೆಯಲ್ಲಿ ಎಣ್ಣೆಯ ಟ್ಯಾಂಕ್ ಇರುತ್ತದೆ, ಹೀಟಿಂಗ್ ನಡೆಯುವುದು ಅದರಿಂದ. ಟ್ಯಾಂಕ್ ತುಂಬಿಸುವ ದುಡ್ಡು ಒಂದೇ ಸಲಕ್ಕೆ ಹೋಗುತ್ತದೆ. ಮನೆ ಮುಂದಿನ ಕಾಲುದಾರಿಯ ಹಿಮ ತೆಗೆಯುವುದೂ ಕರಾರಿನಲ್ಲಿ ಬರೆದಿದ್ದರೆ ಬಾಡಿಗೆಯವರ ತಲೆಗೇ. ಅದೂ ಬೆಳಿಗ್ಗೆ ಬೇಗ, ಜನ ಓಡಾಡುವ ಮೊದಲು.

ನನ್ನ ಕೇಳಿದರೆ ಮೊದಲ ವರ್ಷ ಫ್ಲ್ಯಾಟ್. ಮೂರು ತಿಂಗಳು ಮೊದಲು ಬರೆದು ಕೊಟ್ಟರೆ ಬಿಡಬಹುದು. ಠೇವಣಿ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವಂತಿಲ್ಲ. ಲೈಸೆನ್ಸ್ ಕೈಗೆ ಬಂದ ಮೇಲೆ ಹಳ್ಳಿ ನೋಡು.

ಕಾರವಾರದವರು, ಈಗ ಅಲ್ಲೇ ಫ್ಲ್ಯಾಟಿನಲ್ಲಿರುವವರು:

ಅಕ್ಕ, ಫ್ಲ್ಯಾಟ್ ಅಂದರೆ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಅಡುಗೆಮನೆ ಇದೆಯಾ ಅಂತ ಕೇಳಿದಿರಾ? ಎಷ್ಟೋ ಕಡೆ ಅದು ಬರೀ ಕೋಣೆ. ಗೋಡೆಯಿಂದ ಹೊರಬಂದ ಪೈಪಿನ ಮೂತಿ, ಒಲೆಗೆ ಕರೆಂಟಿನ ತಂತಿ, ಅಷ್ಟೇ. ಸಿಂಕು, ಒಲೆ, ಕಪಾಟು ನಾವೇ ಹಾಕಿಸಬೇಕು. ಜಾಹೀರಾತಿನಲ್ಲಿ ಇಬಿಕೆ ಅಂತ ಇದ್ದರೆ ಅಡುಗೆಮನೆ ಸಜ್ಜಾಗಿದೆ ಅಂತ ಲೆಕ್ಕ.

ಆ ಕಡೆ ಕೇರ್‌ವೊಖೆ ಅಂತ ಒಂದು ಪದ್ಧತಿ ಇದೆ. ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಸರದಿ ಬಂದಾಗ ನಮ್ಮ ಬಾಗಿಲಿಗೆ ಒಂದು ಚಿಕ್ಕ ಹಲಗೆ ಬಂದು ನೇತಾಡುತ್ತದೆ. ಮೊದಮೊದಲು ಕಿರಿಕಿರಿ ಅನಿಸಿತು. ಆದರೆ ನನಗೆ ಅಕ್ಕಪಕ್ಕದವರ ಪರಿಚಯ ಆಗಿದ್ದೇ ಪೊರಕೆ ಹಿಡಿದು ಮೆಟ್ಟಿಲಲ್ಲಿ ನಿಂತಾಗ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವಂತಿಲ್ಲ, ಐದಕ್ಕೆ ಎದ್ದು ಗ್ರೈಂಡರ್ ಹಾಕುವ ಅಭ್ಯಾಸ ಇದ್ದರೆ ಬಿಡಿ. ಚಳಿಗಾಲದಲ್ಲಿ ಮನೆಯೊಳಗೆ ಬಟ್ಟೆ ಒಣಗಿಸಿದರೆ ನಮ್ಮ ಆಷಾಢದ ಹಾಗೇ ಗೋಡೆಗೆ ಬೂಸ್ಟು ಬರುತ್ತದೆ. ಮೇಲೆ ಒಣಗಿಸಲು ಬಚ್ಚಲ ಒಲೆ ಅಲ್ಲಿಲ್ಲವಲ್ಲ! ಎಷ್ಟೇ ಚಳಿ ಇರಲಿ, ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆರೆದು ಐದು ಹತ್ತು ನಿಮಿಷ ಗಾಳಿ ಆಡಿಸಬೇಕು.

ಒಣಮೀನು ಹುರಿಯುವ ವಿಷಯ ನಾನು ಮಾತಾಡುವುದಿಲ್ಲ. ನಿಮಗೆ ಆ ಕಷ್ಟ ಇಲ್ಲದಿರಬಹುದು, ಇಂಗಿನ ಒಗ್ಗರಣೆಯ ಪರಿಮಳ ಮಾತ್ರ ಮೂರೂ ಮಹಡಿಗೆ ಹೋಗುತ್ತದೆ.

ಭಟ್ಕಳದಿಂದ:

ನಮ್ಮದು ದುಬೈ, ನಿಮಗೆ ಹೊಂದುವುದಿಲ್ಲ. ಅಲ್ಲಿ ಹಿಮದ ಬದಲು ಎಸಿ ಬಿಲ್ಲು, ವಿಲ್ಲಾ ಹಿಡಿದವರಿಗೆ ಬೇಸಿಗೆಯಲ್ಲಿ ಬೆವರು ಬರುವುದು ಅದನ್ನು ನೋಡಿಯೇ. ಕಂಪನಿ ಮನೆ ಕೊಡುತ್ತದಾ ಅಂತ ಮೊದಲು ಕೇಳಿ.

ಯಲ್ಲಾಪುರದವರು, ಅಲ್ಲಿ ಹಳ್ಳಿಯಲ್ಲೇ ಇರುವವರು:

ಹಳ್ಳಿ ಬೇಡ ಅಂತ ಎಲ್ಲರೂ ಹೆದರಿಸಬೇಡಿ ಮಾರಾಯ್ರೆ. ನಾವು ಹಳ್ಳಿಯಲ್ಲೇ ಇದ್ದೇವೆ, ಸುಖವಾಗಿದ್ದೇವೆ. ಆದರೆ ನಮ್ಮ ಮನೆಯಿಂದ ಎಸ್-ಬಾನ್ ರೈಲಿನ ಸ್ಟೇಷನ್‌ಗೆ ನಡೆದೇ ಹೋಗಬಹುದು. ಅದಿಲ್ಲದಿದ್ದರೆ ನಾನೂ ಬೇಡ ಅನ್ನುತ್ತಿದ್ದೆ. ಡಾಯ್ಚ್‌ಲಾಂಡ್ ಟಿಕೆಟ್ ಅಂತ ತಿಂಗಳ ಪಾಸ್ ಇದೆ. 2023ರಲ್ಲಿ 49 ಯೂರೊಗೆ ಶುರುವಾಗಿದ್ದು, 2026ರಿಂದ 63 ಆಗಿದೆ. ವೇಗದ ದೂರದ ರೈಲು ಬಿಟ್ಟು ಊರೊಳಗಿನ ಬಸ್ಸು, ಟ್ರಾಮು, ಹತ್ತಿರದ ರೈಲು ಎಲ್ಲದಕ್ಕೂ ನಡೆಯುತ್ತದೆ. ಬಸ್ಸೇ ಬರದ ಊರಲ್ಲಿ ಪಾಸ್ ಇಟ್ಟುಕೊಂಡು ಏನು ಮಾಡುವುದು?

ಹಾಗಾಗಿ ಅಕ್ಕ, ಆ ಹಳ್ಳಿಯ ಬಸ್ಸಿನ ವೇಳಾಪಟ್ಟಿ ತೆಗೆದು ಭಾನುವಾರದ್ದನ್ನು ನೋಡಿ. ಭಾನುವಾರ ಅಂಗಡಿಯೂ ಇಲ್ಲ, ಶನಿವಾರವೇ ಹಾಲು ತರಕಾರಿ ತಂದಿಡಬೇಕು. ಹಿತ್ತಲಿನ ಹುಲ್ಲು ಕೊಯ್ಯುವ ಮಷಿನ್ ಕೂಡ ಆ ದಿನ ಓಡಿಸುವಂತಿಲ್ಲ. ಮಗುವಿಗೆ ಕಿಂಡರ್‌ಗಾರ್ಟನ್ ಸೀಟು ಬೇಕು ಅಂತ ಆ ಊರಿನ ಪಂಚಾಯ್ತಿ ಕಚೇರಿಗೆ ಈಗಲೇ ಬರೆಯಿರಿ. ಒಂದು ವರ್ಷ ತುಂಬಿದ ಮಗುವಿಗೆ ಸೀಟು ಕಾನೂನಿನ ಹಕ್ಕು, 2013ರಿಂದ. ಆದರೂ ಸೀಟು ಸಿಗುವುದು ತಡ. ನಮಗೆ ಹಳ್ಳಿ ನಮ್ಮದು ಅನಿಸಿದ್ದು ಮಗನ ಕಿಂಡರ್‌ಗಾರ್ಟನ್‌ನಿಂದಲೇ. ಬೇರೆ ತಾಯಂದಿರು ಸೇಬು ತಂದು ಕೊಟ್ಟರು, ನಾನು ಚಕ್ಕುಲಿ ಕಳಿಸಿದೆ.

ಇನ್ನೊಂದು. ಯಾವ ಮನೆಯೇ ಹಿಡಿಯಿರಿ, ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಪತ್ರ ಬೇಕು. ಕೊಡುತ್ತೇವೆ ಅಂತ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ.

ಶಿರಸಿಯಿಂದ, ಕೇಳಿದವರು:

ಎಲ್ಲರಿಗೂ ಧನ್ಯವಾದ. ವೇಳಾಪಟ್ಟಿ ನೋಡಿದೆವು. ಆ ಹಳ್ಳಿಗೆ ಕೊನೆ ಬಸ್ಸು ಸಂಜೆ ಆರೂವರೆಗೆ, ಭಾನುವಾರ ಬಸ್ಸೇ ಇಲ್ಲ. ಯಜಮಾನರಿಗೆ ಇನ್ನೂ ಹಿತ್ತಲಿನ ಆಸೆ ಬಿಟ್ಟಿಲ್ಲ, ನನಗೆ ಬಿಟ್ಟಿತು. ಫ್ಲ್ಯಾಟಿನವರಿಗೆ ಅಡುಗೆಮನೆ ಇದೆಯಾ ಅಂತ ಬರೆದು ಕೇಳಿದ್ದೇವೆ. ಅಂದಹಾಗೆ ಗ್ರೈಂಡರ್ ಇಲ್ಲಿಂದಲೇ ತರುವುದಾ, ಅಥವಾ ಮಿಕ್ಸಿಯಲ್ಲೇ ಸುಧಾರಿಸಬಹುದಾ?